ಗೇಟು ಮುಚ್ಚಿದ್ದ ಮೃಗಾಲಯದಲ್ಲಿ ಹುಲಿಗೆ ಕೊರೊನಾ ಬಂದಿದ್ದು ಎಲ್ಲಿಂದ?

ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯ 2020ರ ಮಾರ್ಚ್ 16ಕ್ಕೆ ಬಾಗಿಲು ಹಾಕಿತು. ಹನ್ನೊಂದು ದಿನ ಕಳೆದ ಮೇಲೆ, ಮಾರ್ಚ್ 27ಕ್ಕೆ, ಅಲ್ಲಿನ ನಾಡಿಯಾ ಎಂಬ ನಾಲ್ಕು ವರ್ಷದ ಮಲಯನ್ ಹುಲಿಗೆ ಒಣಕೆಮ್ಮು ಶುರುವಾಯಿತು. ಊಟವೂ ಕಡಿಮೆಯಾಯಿತು. ವೈದ್ಯರು ಅರಿವಳಿಕೆ ಕೊಟ್ಟು ಮಲಗಿಸಿ ಎಕ್ಸ್‌ರೇ ತೆಗೆದರು, ಸ್ಕ್ಯಾನ್ ಮಾಡಿದರು, ರಕ್ತ ತೆಗೆದರು. ಹೇಗೂ ಮಲಗಿಸಿದ್ದಾಗಿದೆ, ಇದನ್ನೂ ನೋಡೇಬಿಡೋಣ ಎಂದು ಮೂಗು, ಗಂಟಲಿನ ದ್ರವವನ್ನೂ ತೆಗೆದರು. ಏಪ್ರಿಲ್ 5ಕ್ಕೆ ಫಲಿತಾಂಶ ಹೊರಬಿತ್ತು. ಪಾಸಿಟಿವ್.

ಆಗ ಜನರಿಗೆ ಕೋಪ ಬಂದಿದ್ದು ಬೇರೆ ಕಾರಣಕ್ಕೆ. ಮನುಷ್ಯರಿಗೇ ಟೆಸ್ಟ್ ಸಿಗುತ್ತಿಲ್ಲ, ಹುಲಿಗೆ ಹೇಗೆ ಸಿಕ್ಕಿತು ಎಂದು. ಪ್ರಾಣಿಗಳ ಪರೀಕ್ಷೆ ನಡೆದಿದ್ದು ಪಶುವೈದ್ಯಕೀಯ ಪ್ರಯೋಗಾಲಯಗಳಲ್ಲಿ, ಮನುಷ್ಯರ ಪಾಲಿನ ಕಿಟ್ ಕಿತ್ತುಕೊಂಡಿಲ್ಲ ಎಂದು ಮೃಗಾಲಯದವರು ವಿವರಣೆ ಕೊಡಬೇಕಾಯಿತು. ಆದರೆ ನಿಜವಾಗಿ ಕೇಳಬೇಕಿದ್ದ ಪ್ರಶ್ನೆ ಇನ್ನೊಂದಿತ್ತು. ಗೇಟು ಮುಚ್ಚಿದೆ, ನೋಡಲು ಬರುವವರಿಲ್ಲ. ಹುಲಿ ಅಂತೂ ಹೊರಗೆ ಹೋಗಿಲ್ಲ. ಹಾಗಾದರೆ ವೈರಸ್ ಒಳಗೆ ಬಂದಿದ್ದು ಹೇಗೆ?

ಉಳಿದಿದ್ದು ಒಂದೇ ದಾರಿ. ದಿನಾ ಬೆಳಿಗ್ಗೆ ಕೆಲಸಕ್ಕೆ ಬಂದು, ಬೋನು ತೊಳೆದು, ಮಾಂಸ ಹಾಕಿ, ಹೆಸರು ಹಿಡಿದು ಕರೆದು, ಮೈ ಸರಿ ಇದೆಯಾ ಅಂತ ಬಗ್ಗಿ ನೋಡುವ ಪಾಲಕರು. ಅವರಲ್ಲಿ ಯಾರಿಗೋ ಸೋಂಕು ತಗುಲಿತ್ತು. ಲಕ್ಷಣ ಕಾಣಿಸದ ಕಾರಣ ಅವರಿಗೇ ಅದು ಗೊತ್ತಿರಲಿಲ್ಲ.

ಇದು ಆಗ ಬರೀ ಊಹೆ. ಆಮೇಲೆ ಪುರಾವೆಯೂ ಸಿಕ್ಕಿತು. ಅದು ಸಿಕ್ಕ ರೀತಿ ಸ್ವಾರಸ್ಯವಾಗಿದೆ.

ಕೊರೊನಾ ವೈರಸ್ಸಿನ ಜೀನೋಮ್ ಅಂದರೆ ಸುಮಾರು 30,000 ಅಕ್ಷರಗಳ ಒಂದು ಬರಹ. ವೈರಸ್ ತನ್ನನ್ನು ತಾನು ನಕಲು ಮಾಡಿಕೊಳ್ಳುವಾಗ ಆಗಾಗ ಒಂದು ಅಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ನಕಲಿಗೂ ಹೋಗುತ್ತದೆ. ಪರೀಕ್ಷೆಯಲ್ಲಿ ಇಬ್ಬರು ಹುಡುಗರು ಒಂದೇ ಸಾಲಿನಲ್ಲಿ ಒಂದೇ ಕಾಗುಣಿತ ತಪ್ಪು ಮಾಡಿದ್ದರೆ ಮೇಷ್ಟ್ರಿಗೆ ತಕ್ಷಣ ಗೊತ್ತಾಗುತ್ತದಲ್ವಾ? ಹಾಗೇ ಇದು. ಬ್ರಾಂಕ್ಸ್‌ನಲ್ಲಿ ಪಾಲಕರ ವೈರಸ್ಸನ್ನೂ ಹುಲಿಗಳ ವೈರಸ್ಸನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರು. ತಪ್ಪುಗಳು ಹೊಂದಿಕೊಂಡವು. ಅಷ್ಟೇ ಅಲ್ಲ, ಅಲ್ಲಿನ ಮೂರು ಆಫ್ರಿಕನ್ ಸಿಂಹಗಳಿಗೂ ಸೋಂಕು ತಗುಲಿತ್ತು. ಸಿಂಹಗಳ ವೈರಸ್ ಓದಿ ನೋಡಿದರೆ ಅದರ ತಪ್ಪುಗಳೇ ಬೇರೆ! ಅಂದರೆ ಹುಲಿಯಿಂದ ಸಿಂಹಕ್ಕೆ ಬಂದಿದ್ದಲ್ಲ. ಒಂದೇ ಮೃಗಾಲಯದಲ್ಲಿ, ಹೆಚ್ಚುಕಮ್ಮಿ ಒಂದೇ ಹೊತ್ತಿನಲ್ಲಿ, ವೈರಸ್ ಕನಿಷ್ಠ ಎರಡು ಸಲ ಬೇರೆಬೇರೆಯಾಗಿ ಒಳಗೆ ಬಂದಿತ್ತು. ಒಟ್ಟು ಐದು ಹುಲಿ, ಮೂರು ಸಿಂಹಕ್ಕೆ ಸೋಂಕು. ಒಂದು ಹುಲಿಯಂತೂ ಒಂದು ಸಲವೂ ಕೆಮ್ಮಿರಲಿಲ್ಲ. ಅದಕ್ಕೂ ಬಂದಿದೆ ಎಂದು ಗೊತ್ತಾಗಿದ್ದು ಅದರ ಮಲ ಪರೀಕ್ಷೆಯಿಂದ. ಎಂಟೂ ಪ್ರಾಣಿಗಳು ಚೇತರಿಸಿಕೊಂಡವು.

ಹುಲಿಗೆ ಬಂತು ಸರಿ, ಕೋಳಿಗೆ ಯಾಕೆ ಬರಲಿಲ್ಲ? ವೈರಸ್ಸಿನ ಮೈಮೇಲೆ ಮುಳ್ಳುಗಳಿರುತ್ತವೆ. ನಮ್ಮ ಜೀವಕೋಶಗಳ ಮೇಲೆ ಎಸಿಇ-2 ಎಂಬ ಪ್ರೋಟೀನ್ ಇರುತ್ತದೆ. ಅದಕ್ಕೆ ರಕ್ತದೊತ್ತಡ ನೋಡಿಕೊಳ್ಳುವ ಅದರದೇ ಕೆಲಸ ಇದೆ, ವೈರಸ್ಸಿಗಾಗಿ ಇರುವುದಲ್ಲ. ಆದರೆ ಮುಳ್ಳಿನ ತುದಿ ಆ ಪ್ರೋಟೀನಿಗೆ ಅಂಟಿಕೊಂಡರೆ ವೈರಸ್ ಒಳಗೆ ನುಗ್ಗುತ್ತದೆ. ಅಂಟದಿದ್ದರೆ ಹೊರಗೇ ಉಳಿಯುತ್ತದೆ. ಎಸಿಇ-2 ಎಲ್ಲಾ ಬೆನ್ನೆಲುಬಿನ ಪ್ರಾಣಿಗಳಲ್ಲೂ ಇದೆ, ಆದರೆ ಅಂಟುವ ಜಾಗದಲ್ಲಿ ಅಲ್ಲಲ್ಲಿ ವ್ಯತ್ಯಾಸ. ಗೊರಿಲ್ಲಾ, ಚಿಂಪಾಂಜಿ, ಒರಾಂಗುಟಾನ್‌ಗಳಲ್ಲಿ ಆ ಜಾಗ ನಮ್ಮದರಂತೆಯೇ ಇದೆ. ಬೆಕ್ಕಿನ ಜಾತಿಯಲ್ಲಿ ಪೂರ್ತಿ ಒಂದೇ ಅಲ್ಲ, ಆದರೂ ತುಂಬಾ ಹತ್ತಿರ. 2020ರ ಮೊದಲ ತಿಂಗಳುಗಳಲ್ಲೇ ಚೀನಾದ ಹಾರ್ಬಿನ್‌ನಲ್ಲಿ ಪ್ರಯೋಗ ಮಾಡಿ ನೋಡಿದ್ದರು. ಬೆಕ್ಕುಗಳಿಗೂ, ಮುಂಗುಸಿಯಂತೆ ಕಾಣುವ ಫೆರೆಟ್ ಎಂಬ ಸಾಕುಪ್ರಾಣಿಗಳಿಗೂ ಸುಲಭವಾಗಿ ಸೋಂಕು ತಗುಲಿತು. ಬೆಕ್ಕಿನಿಂದ ಪಕ್ಕದ ಬೋನಿನ ಬೆಕ್ಕಿಗೆ ಗಾಳಿಯಲ್ಲೇ ಹೋಯಿತು. ನಾಯಿಗೆ ಅಷ್ಟಾಗಿ ಹತ್ತಲಿಲ್ಲ. ಹಂದಿ, ಕೋಳಿ, ಬಾತುಕೋಳಿಗೆ ಹತ್ತಲೇ ಇಲ್ಲ.

ಹಾಗಂತ ಎಸಿಇ-2 ಒಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಸೋಂಕು ತಗುಲಬೇಕಾದರೆ ವೈರಸ್ ಮೊದಲು ಪ್ರಾಣಿಯ ಮೂಗಿನವರೆಗೆ ಬರಬೇಕು. ಮೃಗಾಲಯದ ಒಳಗಿನ ಕೆಲಸ ನೋಡಿದರೆ ಇದು ಅರ್ಥವಾಗುತ್ತದೆ. ನಾವು ನೋಡುವುದು ಕಂದಕದಾಚೆ ಬಿಸಿಲು ಕಾಯಿಸುತ್ತಾ ಮಲಗಿದ ಸಿಂಹವನ್ನು. ನಮಗೂ ಅದಕ್ಕೂ ಎಷ್ಟೋ ಅಡಿ ದೂರ, ಮೇಲೆ ತೆರೆದ ಆಕಾಶ. ಅಲ್ಲಿ ನೀವು ಸೀನಿದರೂ ಅಪಾಯ ಕಡಿಮೆ. ಆದರೆ ಸಂಜೆಯಾದ ಮೇಲೆ ಅದೇ ಸಿಂಹ ಹಿಂದಿನ ಕೋಣೆಗೆ ಹೋಗುತ್ತದೆ. ಒಂದರ ಪಕ್ಕ ಒಂದು ಸಣ್ಣ ಕೋಣೆ, ಕಬ್ಬಿಣದ ಸರಳು, ಮೇಲೆ ತಾರಸಿ, ಎದುರಿಗೆ ಕಿರಿದಾದ ನಡೆದಾರಿ. ಗಾಳಿ ಓಡಾಡುವುದು ಕಮ್ಮಿ. ಆ ನಡೆದಾರಿಯಲ್ಲಿ ನಿಂತು ಪಾಲಕರು ಮಾಂಸ ಹಾಕುತ್ತಾರೆ, ಔಷಧಿ ಇದ್ದರೆ ಮಾಂಸದ ತುಂಡಿನೊಳಗೆ ಇಟ್ಟು ಕೊಡುತ್ತಾರೆ, ಪೈಪು ಹಿಡಿದು ನೆಲ ತೊಳೆಯುತ್ತಾರೆ. ಸಿಂಹ ಸರಳಿಗೆ ಮೂತಿ ಒತ್ತಿ ನಿಂತಿರುತ್ತದೆ. ಇಬ್ಬರ ಉಸಿರಿನ ನಡುವೆ ಒಂದು ತೋಳಿನಷ್ಟು ಜಾಗ. ಸರಳು ಇರುವುದು ಸಿಂಹದಿಂದ ಪಾಲಕರನ್ನು ಕಾಪಾಡಲಿಕ್ಕೆ. ಉಸಿರನ್ನು ಅದು ತಡೆಯುವುದಿಲ್ಲ.

ಬ್ರಾಂಕ್ಸ್ ಸುದ್ದಿ ಬಂದ ಮಾರನೇ ದಿನವೇ, 2020ರ ಏಪ್ರಿಲ್ 6ಕ್ಕೆ, ನಮ್ಮ ಕೇಂದ್ರ ಮೃಗಾಲಯ ಪ್ರಾಧಿಕಾರ ದೇಶದ ಎಲ್ಲಾ ಮೃಗಾಲಯಗಳಿಗೆ ಸೂಚನೆ ಕಳಿಸಿತು. ಸಿಸಿಟಿವಿಯಲ್ಲಿ ಹಗಲು ರಾತ್ರಿ ಕಣ್ಣಿಡಿ, ಪಾಲಕರು ರಕ್ಷಣಾ ಉಡುಪಿಲ್ಲದೆ ಹತ್ತಿರ ಹೋಗಬಾರದು, ಕಾಯಿಲೆ ಬಿದ್ದ ಪ್ರಾಣಿಯನ್ನು ಬೇರೆ ಇಡಿ, ಬೆಕ್ಕಿನ ಜಾತಿ ಮತ್ತು ಕೋತಿ ಜಾತಿಯ ಮೇಲೆ ವಿಶೇಷ ಗಮನವಿರಲಿ ಎಂದು. ಮಾದರಿ ಪರೀಕ್ಷೆಗೆ ಭೋಪಾಲ್, ಹಿಸಾರ್, ಬರೇಲಿಯ ಪ್ರಯೋಗಾಲಯಗಳನ್ನು ಗೊತ್ತು ಮಾಡಿದರು. ಮೊದಲ ಅಲೆ ಹೆಚ್ಚು ತೊಂದರೆಯಿಲ್ಲದೆ ಕಳೆಯಿತು.

ಎರಡನೇ ಅಲೆಯಲ್ಲಿ ಹಾಗಾಗಲಿಲ್ಲ. 2021ರ ಏಪ್ರಿಲ್‌ನಲ್ಲಿ ಹೈದರಾಬಾದಿನ ನೆಹರೂ ಮೃಗಾಲಯದ ಸಿಂಹಗಳಿಗೆ ಮೂಗು ಸೋರಲು, ಕೆಮ್ಮಲು ಶುರುವಾಯಿತು. ಸಿಂಹಕ್ಕೆ ನೆಗಡಿಯಾಗಿದೆ ಎಂದು ಗುರುತಿಸುವುದೇ ಒಂದು ಕೆಲಸ. ಹಲವು ಮೃಗಾಲಯಗಳಲ್ಲಿ ದೊಡ್ಡ ಬೆಕ್ಕುಗಳಿಗೆ ವಾರಕ್ಕೊಂದು ದಿನ ಉಪವಾಸ ಇರುತ್ತದೆ. ಮಾರನೇ ದಿನ ಅವು ಮಾಂಸದ ಮೇಲೆ ಬೀಳಬೇಕು. ಹಾಗೆ ಬೀಳದಿದ್ದರೆ ಪಾಲಕರಿಗೆ ಅನುಮಾನ. ಆಮೇಲೆ ಮಾದರಿ ತೆಗೆಯುವ ಪಾಡು. ನಮಗೆ ಮೂಗಿಗೆ ಕಡ್ಡಿ ಹಾಕಿದಾಗಲೇ ಕಣ್ಣಲ್ಲಿ ನೀರು ಬರುತ್ತಿತ್ತು. ಎಚ್ಚರವಿರುವ ಸಿಂಹದ ಮೂಗಿಗೆ ಯಾರು ಹಾಕುತ್ತಾರೆ? ಅರಿವಳಿಕೆ ಕೊಡಲೇಬೇಕು. ಉಸಿರಾಟದ ತೊಂದರೆ ಇರುವ ಪ್ರಾಣಿಗೆ ಅರಿವಳಿಕೆ ಕೊಡುವುದೇ ಒಂದು ಅಪಾಯ. ಆದರೂ ಏಪ್ರಿಲ್ 24ಕ್ಕೆ ಹೈದರಾಬಾದಿನಲ್ಲಿ ಹಾಗೇ ಮಾಡಿ ಮೂಗು, ಗಂಟಲಿನ ಮಾದರಿ ತೆಗೆದು ಅಲ್ಲಿನ ಸಿಸಿಎಂಬಿ ಎಂಬ ಜೀವಕೋಶ ಸಂಶೋಧನಾ ಸಂಸ್ಥೆಗೆ ಕೊಟ್ಟರು. ಮೇ 4ಕ್ಕೆ ಸರ್ಕಾರ ದೃಢಪಡಿಸಿತು. ಎಂಟು ಏಷ್ಯಾಟಿಕ್ ಸಿಂಹಗಳಿಗೆ ಸೋಂಕು. ದೇಶದಲ್ಲಿ ಮೃಗಾಲಯದ ಪ್ರಾಣಿಗಳಿಗೆ ಬಂದಿದ್ದು ಅದೇ ಮೊದಲು. ಎಂಟೂ ಸುಧಾರಿಸಿಕೊಂಡವು.

ಅದೇ ತಿಂಗಳು ಜೈಪುರದ ಒಂದು ಸಿಂಹಕ್ಕೆ, ಉತ್ತರ ಪ್ರದೇಶದ ಇಟಾವಾ ಸಿಂಹಧಾಮದ ಎರಡು ಸಿಂಹಿಣಿಗಳಿಗೆ ಪಾಸಿಟಿವ್ ಬಂತು. ಆಮೇಲೆ ಚೆನ್ನೈ ಪಕ್ಕದ ವಂಡಲೂರು.

ವಂಡಲೂರಿನ ಸಫಾರಿ ಭಾಗದಲ್ಲಿದ್ದ ಐದು ಸಿಂಹಗಳು ಮೇ 26ಕ್ಕೆ ಊಟ ಬಿಟ್ಟವು, ಆಗಾಗ ಕೆಮ್ಮತೊಡಗಿದವು. ಹನ್ನೊಂದು ಸಿಂಹಗಳ ಮಾದರಿ ಭೋಪಾಲಿಗೆ ಹೋಯಿತು. ಒಂಬತ್ತಕ್ಕೆ ಪಾಸಿಟಿವ್. ಫಲಿತಾಂಶ ಬರುವ ಹೊತ್ತಿಗೆ, ಜೂನ್ 3ರ ಸಂಜೆ, ನೀಲಾ ಎಂಬ ಒಂಬತ್ತು ವರ್ಷದ ಸಿಂಹಿಣಿ ಸತ್ತುಹೋಯಿತು. ಹಿಂದಿನ ದಿನ ಮೂಗಿನಿಂದ ಸ್ವಲ್ಪ ನೀರು ಸೋರಿದ್ದು ಬಿಟ್ಟರೆ ಅದರಲ್ಲಿ ಹೇಳಿಕೊಳ್ಳುವಂಥ ಲಕ್ಷಣ ಕಂಡಿರಲಿಲ್ಲ. ಜೂನ್ 16ಕ್ಕೆ ಹನ್ನೆರಡು ವರ್ಷದ ಪದ್ಮನಾಥನ್ ಎಂಬ ಗಂಡು ಸಿಂಹವೂ ಹೋಯಿತು. ವೈರಸ್ಸಿನ ಜೀನೋಮ್ ಓದಿದಾಗ ಅದು ಡೆಲ್ಟಾ ಎಂದು ಗೊತ್ತಾಯಿತು. ಆ ತಿಂಗಳುಗಳಲ್ಲಿ ನಮ್ಮ ಆಸ್ಪತ್ರೆಗಳನ್ನು ತುಂಬಿಸಿದ ರೂಪಾಂತರಿಯೂ ಅದೇ. ಊರಿನಲ್ಲಿ ಯಾವುದು ಓಡಾಡುತ್ತಿತ್ತೋ ಅದೇ ಬೋನಿಗೂ ಬಂತು.

ಸಿಂಹ ಕೆಮ್ಮಿದರೆ ವೈದ್ಯರ ತಲೆಗೆ ಮೊದಲು ಬರುವುದು ಕೊರೊನಾ ಅಲ್ಲ, ಕೆನೈನ್ ಡಿಸ್ಟೆಂಪರ್. ನಾಯಿಗಳಿಂದ ಬರುವ ವೈರಸ್ ಅದು. 1994ರಲ್ಲಿ ತಾಂಜಾನಿಯಾದ ಸೆರೆಂಗೆಟಿಯಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಸಿಂಹಗಳನ್ನು ಕೊಂದಿತ್ತು. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಅದೇ ವೈರಸ್ ಸಿಕ್ಕಿತ್ತು. ಹಾಗಾಗಿ ವಂಡಲೂರಿನಂಥ ಕಡೆ ಕೊರೊನಾ ಪಾಸಿಟಿವ್ ಎಂಬ ಒಂದು ಚೀಟಿ ನೋಡಿ ಸುಮ್ನೆ ಕೂರಲು ಆಗುವುದಿಲ್ಲ. ಸತ್ತಿದ್ದು ಇದರಿಂದಲೇನಾ, ಜೊತೆಗೆ ಇನ್ನೇನಾದರೂ ಇತ್ತಾ, ವಯಸ್ಸು, ಮೊದಲೇ ಇದ್ದ ಕಾಯಿಲೆ, ಎಲ್ಲವನ್ನೂ ನೋಡಬೇಕು. ಮನುಷ್ಯರ ಸಾವಿನ ಲೆಕ್ಕದಲ್ಲೂ ಇದೇ ಜಗಳ ನಡೆದಿತ್ತು, ನೆನಪಿದೆಯಲ್ಲ.

ಚಿಕಿತ್ಸೆ ಏನು ಅಂದರೆ, ಹೆಚ್ಚಿನ ಕಡೆ ಸಾಮಾನ್ಯ ಚಿಕಿತ್ಸೆಯೇ. ಬ್ಯಾಕ್ಟೀರಿಯಾ ಸೋಂಕು ಜೊತೆಗೂಡದಿರಲಿ ಎಂದು ಆಂಟಿಬಯೋಟಿಕ್, ವಿಟಮಿನ್, ನೀರು, ಒಳ್ಳೆಯ ಊಟ, ನಿಗಾ. ಅಮೆರಿಕದ ಸ್ಯಾನ್ ಡಿಯೇಗೊ ಸಫಾರಿ ಪಾರ್ಕಿನ ಗೊರಿಲ್ಲಾಗಳಿಗೆ ಮಾತ್ರ ಬೇರೆ ಮಟ್ಟದ ಚಿಕಿತ್ಸೆ ಸಿಕ್ಕಿತು. 2021ರ ಜನವರಿಯಲ್ಲಿ ಅಲ್ಲಿನ ಎಂಟು ಗೊರಿಲ್ಲಾಗಳ ಗುಂಪಿಗೆ ಸೋಂಕು ತಗುಲಿತು. ಗುಂಪಿನ ಯಜಮಾನ ವಿನ್‌ಸ್ಟನ್‌ಗೆ ಆಗ 48 ವರ್ಷ. ಹೃದಯದ ಕಾಯಿಲೆ ಬೇರೆ, ಮೇಲೆ ನ್ಯುಮೋನಿಯಾ. ಅದಕ್ಕೆ ಮೊನೊಕ್ಲೋನಲ್ ಆಂಟಿಬಾಡಿ, ಅಂದರೆ ವೈರಸ್ಸನ್ನು ತಡೆಯಲು ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರತಿಕಾಯ, ಕೊಟ್ಟರು, ಬದುಕಿಕೊಂಡಿತು. ಅಟ್ಲಾಂಟಾದ ಮೃಗಾಲಯದಲ್ಲಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗೊರಿಲ್ಲಾಗಳಿಗೆ ಬಂದಾಗ ಅವುಗಳಲ್ಲಿ 60 ವರ್ಷದ ಓಝೀ ಕೂಡ ಇತ್ತು.

ಪಟ್ಟಿ ಬೆಳೆಯುತ್ತಾ ಹೋಯಿತು. ಜಾರ್ಜಿಯಾ ಅಕ್ವೇರಿಯಂನ ನೀರುನಾಯಿಗಳು, ಬಾರ್ಸಿಲೋನಾದ ನಾಲ್ಕು ಸಿಂಹಗಳು, ವಾಷಿಂಗ್ಟನ್ನಿನ ಸಿಂಹ, ಹುಲಿಗಳು. ಡೆನ್ವರ್‌ನಲ್ಲಿ ಎರಡು ಮುದಿ ಕತ್ತೆಕಿರುಬಗಳು. ಕೊಳೆತಿದ್ದನ್ನೂ ಮೂಳೆಯನ್ನೂ ಅರಗಿಸಿಕೊಳ್ಳುವ ಆ ಪ್ರಾಣಿಗೂ ನೆಗಡಿ ಹಿಡಿಯಿತು. ಬೆಲ್ಜಿಯಂನ ಆಂಟ್‌ವರ್ಪ್ ಮೃಗಾಲಯದಲ್ಲಿ ಹರ್ಮೀನ್ ಮತ್ತು ಇಮಾನಿ ಎಂಬ ತಾಯಿ, ಮಗಳು ನೀರಾನೆಗಳಿಗೆ ಮೂಗು ಸೋರತೊಡಗಿತು. ನೀರಾನೆಯ ಮೂಗು ಯಾವಾಗಲೂ ಒದ್ದೆಯೇ. ಆದರೆ ಈ ಸಲ ಬರುತ್ತಿದ್ದುದು ನೀರಲ್ಲ, ಸಿಂಬಳ. ಆ ವ್ಯತ್ಯಾಸ ಗಮನಿಸಿ ಪರೀಕ್ಷೆ ಮಾಡಿಸಿದ್ದಕ್ಕೆ ಗೊತ್ತಾಯಿತು. ಇವೆಲ್ಲ ಹೆಚ್ಚುಕಮ್ಮಿ ನೆಗಡಿಯಷ್ಟಕ್ಕೇ ಮುಗಿದವು. ಹಿಮ ಚಿರತೆಗಳಿಗೆ ಹಾಗಾಗಲಿಲ್ಲ. ನೆಬ್ರಾಸ್ಕಾದ ಲಿಂಕನ್ ಮಕ್ಕಳ ಮೃಗಾಲಯದಲ್ಲಿ ಹುಲಿಗಳಿಗೂ ಹಿಮ ಚಿರತೆಗಳಿಗೂ ಒಟ್ಟಿಗೇ ಸೋಂಕು ಬಂತು. ಹುಲಿಗಳು ಎದ್ದವು. 2021ರ ನವೆಂಬರಿನಲ್ಲಿ ಮೂರೂ ಹಿಮ ಚಿರತೆಗಳು ಸತ್ತವು.

ದೊಡ್ಡ ಬೆಕ್ಕುಗಳಿಗೆ ಕೊರೊನಾ ವೈರಸ್ ಹೊಸದೇ ಅಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಕೊರೊನಾ ಎಂಬುದು ಒಂದು ದೊಡ್ಡ ಕುಟುಂಬ. ಬೆಕ್ಕುಗಳಿಗೇ ಮೀಸಲಾದ ಒಂದು ಕೊರೊನಾ ವೈರಸ್ ಬಹಳ ಹಿಂದಿನಿಂದ ಇದೆ. ಹೆಚ್ಚಿನ ಬೆಕ್ಕುಗಳಲ್ಲಿ ಸ್ವಲ್ಪ ಭೇದಿಯಾಗಿ ಹೋಗುತ್ತದೆ. ಕೆಲವಕ್ಕೆ ಹೊಟ್ಟೆಯಲ್ಲಿ ನೀರು ತುಂಬಿ ಸಾಯುತ್ತವೆ. 1982ರಲ್ಲಿ ಅಮೆರಿಕದ ಒರೆಗಾನ್‌ನ ಒಂದು ಸಫಾರಿ ಪಾರ್ಕಿನ ಚೀತಾಗಳಿಗೆ ಇದು ತಗುಲಿ, ಕೆಲವೇ ವರ್ಷಗಳಲ್ಲಿ ಅರ್ಧಕ್ಕೂ ಹೆಚ್ಚು ಚೀತಾಗಳು ಸತ್ತವು. ಅದೇ ಜಾಗದ ಸಿಂಹಗಳಿಗೆ ಏನೂ ಆಗಲಿಲ್ಲ. ಚೀತಾಗಳ ವಂಶವಾಹಿಗಳು ಒಂದಕ್ಕೊಂದು ಎಷ್ಟು ಹೋಲುತ್ತವೆ ಅಂದರೆ, ಒಂದನ್ನು ಮಣಿಸಿದ ವೈರಸ್ ಉಳಿದವನ್ನೂ ಮಣಿಸುತ್ತದೆ ಎಂಬ ವಿವರಣೆ ಆಗ ಬಂತು. ನಮ್ಮ ಏಷ್ಯಾಟಿಕ್ ಸಿಂಹಗಳ ವಿಷಯದಲ್ಲೂ ಇದೇ ಚಿಂತೆ. ಇಂದಿನ ಎಲ್ಲಾ ಸಿಂಹಗಳೂ ಗಿರ್‌ನಲ್ಲಿ ಉಳಿದಿದ್ದ ಒಂದು ಸಣ್ಣ ಗುಂಪಿನ ಸಂತತಿ. ಸಾಲದ್ದಕ್ಕೆ ಸಿಂಹ ಹುಲಿಯಂತೆ ಒಂಟಿ ಬಾಳುವ ಪ್ರಾಣಿಯಲ್ಲ. ಒಟ್ಟಿಗೆ ಮಲಗುತ್ತವೆ, ಒಂದರ ಮುಖ ಇನ್ನೊಂದು ನೆಕ್ಕುತ್ತವೆ. ಒಂದಕ್ಕೆ ಬಂದರೆ ಎಲ್ಲದಕ್ಕೂ ಬಂದ ಹಾಗೇ.

ಲಸಿಕೆಯೂ ಬಂತು. ಸ್ಯಾನ್ ಡಿಯೇಗೊದಲ್ಲಿ ಗೊರಿಲ್ಲಾಗಳಿಗೆ ಬಂದಿದ್ದೇ ತಡ, ಅಲ್ಲಿನ ಮೃಗಾಲಯದ ಒಟ್ಟು ಒಂಬತ್ತು ಒರಾಂಗುಟಾನ್ ಮತ್ತು ಬೊನೊಬೊಗಳಿಗೆ (ಚಿಂಪಾಂಜಿಯ ಹತ್ತಿರದ ಸಂಬಂಧಿ) ಝೊಯೆಟಿಸ್ ಕಂಪನಿಯ ಲಸಿಕೆ ಹಾಕಿದರು. ಮೂಲತಃ ನಾಯಿ, ಬೆಕ್ಕುಗಳಿಗಾಗಿ ತಯಾರಿಸುತ್ತಿದ್ದದ್ದು ಅದು. ರಷ್ಯಾ ಕಾರ್ನಿವ್ಯಾಕ್ ಎಂಬ ಲಸಿಕೆ ತಂತು. ನಮ್ಮಲ್ಲಿ ಹಿಸಾರಿನ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರ ಆಂಕೊವ್ಯಾಕ್ಸ್ ಮಾಡಿತು. 2022ರ ಜೂನ್ 9ಕ್ಕೆ ಬಿಡುಗಡೆಯಾಯಿತು. ಡೆಲ್ಟಾ ವೈರಸ್ಸನ್ನೇ ಬೆಳೆಸಿ, ಸಾಯಿಸಿ ಮಾಡಿದ ಲಸಿಕೆ. ನಾಯಿ, ಸಿಂಹ, ಚಿರತೆ, ಇಲಿ, ಮೊಲಗಳಿಗೆ ಸುರಕ್ಷಿತ ಎಂದು ಹೇಳಿದರು. ಕುದುರೆ ಸಂಶೋಧಕರು ಸಿಂಹಕ್ಕೆ ಲಸಿಕೆ ಮಾಡಿದ್ದು ಕೇಳಲು ವಿಚಿತ್ರ ಅನಿಸಬಹುದು, ಆದರೆ ಕೊರೊನಾ ಪರೀಕ್ಷೆಗೆ ಗೊತ್ತು ಮಾಡಿದ್ದ ಪ್ರಯೋಗಾಲಯಗಳಲ್ಲಿ ಅದೂ ಒಂದು.

ಈಗ ಎಲ್ಲರೂ ಕೇಳುವ ಪ್ರಶ್ನೆ. ಪ್ರಾಣಿಯಿಂದ ವಾಪಸ್ ನಮಗೆ ಬರುತ್ತದಾ? ಬಂದ ಉದಾಹರಣೆ ಇದೆ. ನೆದರ್ಲೆಂಡ್ಸ್, ಡೆನ್ಮಾರ್ಕಿನಲ್ಲಿ ತುಪ್ಪಳಕ್ಕಾಗಿ ಮಿಂಕ್ ಎಂಬ ಸಣ್ಣ ಪ್ರಾಣಿಯನ್ನು ಸಾಕುವ ಕೇಂದ್ರಗಳಲ್ಲಿ ಕೆಲಸಗಾರರಿಂದ ಮಿಂಕ್‌ಗಳಿಗೆ ಹೋಗಿ, ಅಲ್ಲಿ ಬದಲಾಗಿ, ಮತ್ತೆ ಕೆಲಸಗಾರರಿಗೆ ಬಂತು. ಡೆನ್ಮಾರ್ಕ್ 2020ರ ನವೆಂಬರಿನಲ್ಲಿ ತನ್ನಲ್ಲಿದ್ದ ಸುಮಾರು 1.7 ಕೋಟಿ ಮಿಂಕ್‌ಗಳನ್ನೂ ಕೊಲ್ಲಲು ತೀರ್ಮಾನಿಸಿತು. ಆದರೆ ಅಲ್ಲಿ ಸಾವಿರಾರು ಪ್ರಾಣಿಗಳು ಒತ್ತೊತ್ತಾಗಿ ಇರುತ್ತವೆ. ಮೃಗಾಲಯದ ಸ್ಥಿತಿ ಹಾಗಲ್ಲ.

ಮೃಗಾಲಯದಲ್ಲೂ ಒಂದು ಪ್ರಕರಣ ಚೆನ್ನಾಗಿ ದಾಖಲಾಗಿದೆ, ಅಮೆರಿಕದ ಇಂಡಿಯಾನಾದ್ದು. ಲಸಿಕೆ ಹಾಕಿಸಿಕೊಂಡಿದ್ದ ಒಂದು ಮುದಿ ಆಫ್ರಿಕನ್ ಸಿಂಹ. ಮೈಯಲ್ಲಿ ಶಕ್ತಿಯಿಲ್ಲದೆ ಪಾಲಕರು ಅದಕ್ಕೆ ಕೈಯಾರೆ ತಿನ್ನಿಸಬೇಕಿತ್ತು. ಅದಕ್ಕೆ ಸೋಂಕು ಬಂತು. ಯಾರಿಂದ ಬಂದಿರಬಹುದು ಎಂದು ಹುಡುಕಿದಾಗ ಆರು ಜನರಲ್ಲಿ ಒಬ್ಬರು ಎನ್ನುವಷ್ಟಕ್ಕೆ ಪಟ್ಟಿ ಇಳಿಯಿತು. ಆಮೇಲೆ ಅದನ್ನು ನೋಡಿಕೊಳ್ಳುತ್ತಿದ್ದ ಮೂವರಿಗೆ ಲಕ್ಷಣ ಕಾಣಿಸಿತು. ಇಬ್ಬರ ವೈರಸ್ ಸಿಂಹದ ವೈರಸ್ಸಿಗೆ ಅಕ್ಷರಕ್ಕೆ ಅಕ್ಷರ ಹೊಂದಿತು. ಅಂದರೆ ಮನುಷ್ಯನಿಂದ ಸಿಂಹಕ್ಕೆ, ಸಿಂಹದಿಂದ ಬಹುಶಃ ಮತ್ತೆ ಮನುಷ್ಯನಿಗೆ. ಅಪಾಯವಿದ್ದಿದ್ದು ಬಾಯಿಗೆ ತುತ್ತಿಡುವಷ್ಟು ಹತ್ತಿರ ಇದ್ದವರಿಗೆ. ಕಂದಕದಾಚೆ ನಿಂತು ಫೋಟೋ ತೆಗೆದವರಿಗೆ ಹೀಗೆ ಬಂದ ಉದಾಹರಣೆ ಇಲ್ಲ.

ಕಾಡಿನ ಪ್ರಾಣಿಗಳ ಚಿಂತೆ ಬೇರೆ. ವಂಡಲೂರಿನ ಸಾವಿನ ನಂತರ ತಮಿಳುನಾಡು ಅರಣ್ಯ ಇಲಾಖೆ ಮುದುಮಲೆಯ ತೆಪ್ಪಕಾಡು ಆನೆ ಶಿಬಿರದ 28 ಆನೆಗಳ ಮಾದರಿ ತೆಗೆಸಿತು. ಬಂಡೀಪುರದ ಗಡಿ ದಾಟಿದರೆ ಸಿಗುವ ಜಾಗ ಅದು. ಆನೆಗಳನ್ನು ಕೂರಿಸಿ, ಮಲಗಿಸಿ, ಸೊಂಡಿಲಿನಿಂದಲೂ ಹಿಂಭಾಗದಿಂದಲೂ ಮಾದರಿ ತೆಗೆದು ಬರೇಲಿಗೆ ಕಳಿಸಿದರು. ಯಾವುದಕ್ಕೂ ಸೋಂಕಿರಲಿಲ್ಲ. ಆದರೆ ಉತ್ತರ ಪ್ರದೇಶದ ಬಿಜ್ನೋರ್‌ನಲ್ಲಿ ಸತ್ತು ಬಿದ್ದಿದ್ದ ಕಾಡು ಚಿರತೆಮರಿಯೊಂದರಲ್ಲಿ ಡೆಲ್ಟಾ ವೈರಸ್ ಸಿಕ್ಕಿತು. ಅದನ್ನು ಯಾವ ಪಾಲಕರೂ ಸಾಕಿರಲಿಲ್ಲ. ಅಮೆರಿಕದಲ್ಲಂತೂ ಬಿಳಿಬಾಲದ ಜಿಂಕೆಗಳಲ್ಲಿ ಸೋಂಕು ಒಂದರಿಂದ ಒಂದಕ್ಕೆ ತಾನಾಗಿ ಹಬ್ಬತೊಡಗಿತು.

ಮೈಸೂರು ಮೃಗಾಲಯಕ್ಕೆ ಈ ಮಧ್ಯೆಯೇ, 2021ರ ಆಗಸ್ಟಿನಲ್ಲಿ, ಜರ್ಮನಿಯಿಂದ ತಾಬೋ ಮತ್ತು ಡೆಂಬಾ ಎಂಬ ಎರಡು ಗೊರಿಲ್ಲಾಗಳು ಬಂದವು. ಗೊರಿಲ್ಲಾಗೆ ಕೊರೊನಾ ಒಂದೇ ಅಲ್ಲ, ನಮ್ಮ ಮಾಮೂಲಿ ನೆಗಡಿಯೂ ಅಪಾಯವೇ. ಉಗಾಂಡಾದ ಕಾಡಿನಲ್ಲಿ 2013ರಲ್ಲಿ ಮನುಷ್ಯರ ನೆಗಡಿ ವೈರಸ್ಸೇ ಚಿಂಪಾಂಜಿಗಳನ್ನು ಕೊಂದಿದೆ. ಆ ದೇಶದಲ್ಲಿ ಗೊರಿಲ್ಲಾ ನೋಡಲು ಹೋದವರು ಮೊದಲು ಏಳು ಮೀಟರ್ ದೂರ ನಿಂತರೆ ಸಾಕಿತ್ತು. ಕೋವಿಡ್ ನಂತರ ಅದನ್ನು ಹತ್ತು ಮೀಟರಿಗೆ ಏರಿಸಿ ಮಾಸ್ಕ್ ಕಡ್ಡಾಯ ಮಾಡಿದರು. ಮೈಸೂರಿಗೆ ಹೋಗುವ ದಿನ ಮಗುವಿಗೆ ಕೆಮ್ಮು, ಶೀತ ಇದ್ದರೆ ಆನೆ, ಜಿರಾಫೆ ತೋರಿಸಿಕೊಂಡು ಬನ್ನಿ. ಗೊರಿಲ್ಲಾಗಳನ್ನು ಇನ್ನೊಂದು ಸಲ ನೋಡಿದರಾಯಿತು.